ಮಳೆ ಪುಸ್ತಕದಿಂದ ಜರ್ನಲ್‌ವರೆಗೆ: ಸಂಶೋಧನಾ ಪ್ರಕಟಣೆ, ದತ್ತಾಂಶ ಹಂಚಿಕೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದ ಕಾಲೇಜೊಂದರಲ್ಲಿ ಗ್ರಂಥಪಾಲಕಿಯಾಗಿದ್ದೆ. ನಿವೃತ್ತಿಯ ನಂತರ ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ದಿನದಿನದ ಮಳೆಯ ಅಳತೆ ಬರೆದಿಟ್ಟ ಹಳೆಯ ಮಳೆ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಹಚ್ಚಿಕೊಂಡೆ. ಹೀಗಾಗಿ ನನ್ನ ಬಳಿಗೆ ಎರಡು ಬಗೆಯ ಜನ ಬರುತ್ತಾರೆ. ಪೇಪರ್ ಎಲ್ಲಿ ಕಳುಹಿಸಲಿ ಎಂದು ಕೇಳುವ ಪಿಎಚ್.ಡಿ. ವಿದ್ಯಾರ್ಥಿಗಳು ಒಂದು ಕಡೆ. ನಮ್ಮ ಅಪ್ಪನ ಪುಸ್ತಕ ತೆಗೆದುಕೊಂಡು ಹೋಗಿ ಏನು ಮಾಡುತ್ತೀರಿ ಎಂದು ಕೇಳುವ ತೋಟದವರು ಇನ್ನೊಂದು ಕಡೆ. ಎರಡನೆಯವರ ಪ್ರಶ್ನೆಗೆ ಉತ್ತರಿಸುವುದು ಹೆಚ್ಚು ಕಷ್ಟ. ಮಾತಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ.

## ಶುರುವಿನ ಪ್ರಶ್ನೆಗಳು

"ಮೇಡಂ, ಮೂರು ದಿನದಲ್ಲಿ ಪೇಪರ್ ಪ್ರಕಟಿಸಿ ಸರ್ಟಿಫಿಕೇಟ್ ಕೊಡುತ್ತೇವೆ ಎಂದು ಮೆಸೇಜ್ ಬಂದಿದೆ. ದುಡ್ಡು ಕಟ್ಟಲೇ?"

ಕಟ್ಟಬೇಡಿ. ಒಂದು ಪ್ರಬಂಧವನ್ನು ತಜ್ಞರು ಓದಿ, ತಕರಾರು ಬರೆದು, ನೀವು ತಿದ್ದಿ, ಅವರು ಮತ್ತೆ ನೋಡುವಷ್ಟರಲ್ಲಿ ಸಾಮಾನ್ಯವಾಗಿ ತಿಂಗಳುಗಳು ಕಳೆಯುತ್ತವೆ. ಮೂರು ದಿನದಲ್ಲಿ ಮುಗಿಯುವುದು ಲಗ್ನಪತ್ರಿಕೆಯ ಮುದ್ರಣ.

"ಐಎಸ್‌ಎಸ್‌ಎನ್ ಇದೆಯಲ್ಲ" ಎಂದು ಎಲ್ಲರೂ ಹೇಳುತ್ತಾರೆ. ಅದು ಪತ್ರಿಕೆಗೆ ಕೊಡುವ ಎಂಟು ಅಂಕಿಯ ಗುರುತಿನ ಸಂಖ್ಯೆ. ಅರ್ಜಿ ಹಾಕಿದರೆ ನಮ್ಮ ದೇಶದಲ್ಲಿ ಉಚಿತವಾಗಿ ಸಿಗುತ್ತದೆ. ಲಾರಿಯ ನಂಬರ್ ಪ್ಲೇಟಿನಿಂದ ಚಾಲಕನ ಯೋಗ್ಯತೆ ತಿಳಿಯುವುದಿಲ್ಲ. ನಾನು ಮಾಡುವ ಪರೀಕ್ಷೆ ಬೇರೆ. ಸಂಪಾದಕ ಮಂಡಳಿಯ ಮೂವರ ಹೆಸರು ಆರಿಸಿ, ಅವರವರ ವಿಶ್ವವಿದ್ಯಾಲಯದ ಪುಟಕ್ಕೆ ಹೋಗಿ, ಈ ಪತ್ರಿಕೆಯ ಹೆಸರನ್ನು ಅವರು ಎಲ್ಲಾದರೂ ಹೇಳಿಕೊಂಡಿದ್ದಾರೆಯೇ ನೋಡುತ್ತೇನೆ. ನಂತರ ಹಳೆಯ ಸಂಚಿಕೆಯ ಎರಡು ಪ್ರಬಂಧ ಓದುತ್ತೇನೆ. ನನ್ನ ಸಹೋದ್ಯೋಗಿಯೊಬ್ಬರು ಹೀಗೆ ಹುಡುಕುವಾಗ ಮಂಡಳಿಯಲ್ಲಿ ತಮ್ಮ ಗೈಡ್ ಹೆಸರು ಕಂಡು ಖುಷಿಪಡಲು ಹೋದರು. ಗೈಡ್ ತೀರಿಕೊಂಡು ಆಗಲೇ ನಾಲ್ಕು ವರ್ಷವಾಗಿತ್ತು.

"ಯುಜಿಸಿ ಕೇರ್ ಪಟ್ಟಿಯಲ್ಲಿ ಇದೆ ಎಂದು ಅವರೇ ಹಾಕಿಕೊಂಡಿದ್ದಾರಲ್ಲ?"

ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಒಪ್ಪಿದ ಪತ್ರಿಕೆಗಳ ಆ ಪಟ್ಟಿಯೇ ಈಗ ಇಲ್ಲ. 2019ರಲ್ಲಿ ಬಂದ ಪಟ್ಟಿಯನ್ನು ಯುಜಿಸಿ 2025ರ ಫೆಬ್ರವರಿಯಲ್ಲಿ ಕೈಬಿಟ್ಟು, ಪತ್ರಿಕೆಯ ಗುಣಮಟ್ಟ ಅಳೆಯಲು ಕೆಲವು ಸೂಚಕ ಮಾನದಂಡಗಳನ್ನು ಮುಂದಿಟ್ಟಿತು. ಆಯ್ಕೆಯ ಹೊಣೆ ಈಗ ಸಂಸ್ಥೆಗಳದು, ಸಂಶೋಧಕರದು. ಪಟ್ಟಿ ಇದ್ದಾಗಲೂ ಒಳ್ಳೆಯ ಪತ್ರಿಕೆಯ ಹೆಸರನ್ನೇ ಕದ್ದು ನಕಲಿ ಜಾಲತಾಣ ತೆರೆದವರಿದ್ದರು. ಇಲ್ಲದ ಪಟ್ಟಿಯ ಹೆಸರು ಹೇಳಿ ಇವತ್ತಿಗೂ ಗಿರಾಕಿ ಹುಡುಕುವವರ ಬಗ್ಗೆ ನಾನು ಹೆಚ್ಚು ಹೇಳಬೇಕಾಗಿಲ್ಲ.

"ಹಾಗಾದರೆ ದುಡ್ಡು ಕೇಳುವ ಜರ್ನಲ್ ಎಲ್ಲವೂ ಮೋಸದ್ದೇ?"

ಅಲ್ಲ. ಓಪನ್ ಆಕ್ಸೆಸ್ ಪತ್ರಿಕೆಗಳಲ್ಲಿ ಓದುಗ ಹಣ ಕೊಡಬೇಕಾಗಿಲ್ಲ. ಆ ಖರ್ಚನ್ನು ಕೆಲವರು ಲೇಖಕರಿಂದ ಪಡೆಯುತ್ತಾರೆ. ದೊಡ್ಡ ಹೆಸರಿನ ಪತ್ರಿಕೆಗಳು ಕೇಳುವ ಮೊತ್ತ ಕಂಡರೆ ತಲೆ ತಿರುಗುತ್ತದೆ: 2021ರಲ್ಲಿ ನೇಚರ್ ಪತ್ರಿಕೆ ಒಂದು ಪ್ರಬಂಧವನ್ನು ಮುಕ್ತವಾಗಿಸಲು ನಿಗದಿ ಮಾಡಿದ್ದು 9,500 ಯೂರೋ. ಮೋಸದ ಪತ್ರಿಕೆಗಳು ಕೇಳುವುದು ಸಾವಿರ ರೂಪಾಯಿಗಳ ಲೆಕ್ಕದಲ್ಲಿ. ಆದ್ದರಿಂದ ಮೊತ್ತದಿಂದ ಏನೂ ಗೊತ್ತಾಗುವುದಿಲ್ಲ. ತಜ್ಞರ ಪರಿಶೀಲನೆ ನಿಜವಾಗಿ ನಡೆಯುತ್ತದೆಯೇ, ಶುಲ್ಕವನ್ನು ಮೊದಲೇ ಬಹಿರಂಗವಾಗಿ ಹೇಳಿದ್ದಾರೆಯೇ, ಇಷ್ಟೇ ಮುಖ್ಯ. ಲೇಖಕರಿಂದಲೂ ಓದುಗರಿಂದಲೂ ಹಣ ಪಡೆಯದ ಪತ್ರಿಕೆಗಳೂ ಇವೆ. 2003ರಿಂದ ನಡೆಯುತ್ತಿರುವ ಡಿಒಎಜೆ ಎಂಬ ಓಪನ್ ಆಕ್ಸೆಸ್ ಪತ್ರಿಕೆಗಳ ಸೂಚಿಯಲ್ಲಿ ಶುಲ್ಕವಿಲ್ಲದವನ್ನಷ್ಟೇ ಬೇರ್ಪಡಿಸಿ ನೋಡಬಹುದು.

ಓದುವ ಕಡೆಯ ಕಷ್ಟ ಸ್ವಲ್ಪ ಕಡಿಮೆಯಾಗಿದೆ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ "ಒಂದು ದೇಶ ಒಂದು ಚಂದಾ" ಯೋಜನೆಯಲ್ಲಿ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಇಟ್ಟು, 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳನ್ನು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ತೆರೆಯಲಾಗಿದೆ. ನಿಮ್ಮದು ಸರ್ಕಾರಿ ಕಾಲೇಜಾಗಿದ್ದರೆ ಗ್ರಂಥಾಲಯದಲ್ಲಿ ಲಾಗಿನ್ ಕೇಳಿ. ಕೇಳಿದವರಿಗೆ ಮಾತ್ರ ಸಿಗುತ್ತದೆ ಎಂಬುದು ನನ್ನ ಮೂವತ್ತು ವರ್ಷದ ಅನುಭವ.

"ಪಿಎಚ್.ಡಿ.ಗೆ ಪೇಪರ್ ಕಡ್ಡಾಯವೇ?"

ಯುಜಿಸಿಯ 2022ರ ನಿಯಮಾವಳಿಯಲ್ಲಿ ಆ ಕಡ್ಡಾಯವಿಲ್ಲ. ನಿಮ್ಮ ವಿಶ್ವವಿದ್ಯಾಲಯದ ನಿಯಮದಲ್ಲಿ ಇರಬಹುದು; ಅದನ್ನು ಗೆಳೆಯರಿಂದ ಕೇಳಿ ತಿಳಿಯದೆ ಮುದ್ರಿತ ನಿಯಮದಲ್ಲೇ ಓದಿ.

"ತಂತ್ರಾಂಶದಲ್ಲಿ ಹೋಲಿಕೆ ಶೇಕಡಾ 10ರೊಳಗೆ ಬಂದಿದೆ. ಕೃತಿಚೌರ್ಯ ಇಲ್ಲ ಎಂದು ತಾನೇ ಅರ್ಥ?"

ಅಲ್ಲ. ಯುಜಿಸಿಯ 2018ರ ನಿಯಮದ ಪ್ರಕಾರ ಹೋಲಿಕೆ ಶೇಕಡಾ 10ರವರೆಗೆ ಇದ್ದರೆ ದಂಡವಿಲ್ಲ. 10ರಿಂದ 40ರವರೆಗೆ, 40ರಿಂದ 60ರವರೆಗೆ, 60ಕ್ಕಿಂತ ಮೇಲೆ ಎಂದು ಮೂರು ಹಂತದ ಕ್ರಮಗಳಿವೆ. ಕೊನೆಯ ಹಂತದಲ್ಲಿ ಪ್ರಬಂಧ ಸಿಕ್ಕಿಬಿದ್ದರೆ ನೋಂದಣಿಯೇ ರದ್ದು. ಆದರೆ ತಂತ್ರಾಂಶ ಎಣಿಸುವುದು ಹೋಲುವ ಪದಗಳನ್ನು. ಇನ್ನೊಬ್ಬರ ವಾದವನ್ನು ಬೇರೆ ಪದಗಳಲ್ಲಿ ಬರೆದು ಅವರ ಹೆಸರು ಬಿಟ್ಟರೆ ಯಂತ್ರ ಶೂನ್ಯ ಎನ್ನುತ್ತದೆ. ಕಳ್ಳತನ ಮಾತ್ರ ಪೂರ್ತಿ ನೂರು. ಕನ್ನಡದಲ್ಲಿ ಇನ್ನೂ ಒಂದು ಸಮಸ್ಯೆ ಇದೆ. ಅಂತರ್ಜಾಲಕ್ಕೆ ಬಾರದ ಹಳೆಯ ಪುಸ್ತಕದಿಂದ ಎತ್ತಿದರೆ ತಂತ್ರಾಂಶಕ್ಕೆ ಕಾಣುವುದೇ ಇಲ್ಲ, ಕಪಾಟಿನ ಮುಂದೆ ಕುಳಿತ ಗ್ರಂಥಪಾಲಕಿಗೆ ಕಾಣುತ್ತದೆ.

"ಎಐ ಕೈಲಿ ಬರೆಸಿದರೆ ತಪ್ಪೇ?"

ಯಂತ್ರ ಲೇಖಕನಾಗಲಾರದು, ತಪ್ಪಾದಾಗ ಉತ್ತರ ಹೇಳಲು ಅದಕ್ಕೆ ಆಗುವುದಿಲ್ಲ ಎಂಬುದು ಪ್ರಮುಖ ಪ್ರಕಾಶಕರ ನಿಲುವು. ಬಳಸಿದ್ದರೆ ಎಲ್ಲಿ, ಎಷ್ಟು ಎಂದು ಬರೆಯಿರಿ. ಅದು ಕೊಡುವ ಆಕರಗಳನ್ನು ಒಂದೊಂದಾಗಿ ತೆರೆದು ನೋಡಿ. ಲೋಕದಲ್ಲೇ ಇಲ್ಲದ ಪುಸ್ತಕದ ಪುಟಸಂಖ್ಯೆಯನ್ನು ಹಿಡಿದು ಇಬ್ಬರು ವಿದ್ಯಾರ್ಥಿಗಳು ನನ್ನಲ್ಲಿಗೆ ಬಂದಿದ್ದಾರೆ.

"ಎಚ್‌ಒಡಿ ಹೆಸರು ಹಾಕಲೇಬೇಕೇ?"

ವಿಭಾಗದ ಮುಖ್ಯಸ್ಥರಾದರೂ ಕೆಲಸದ ರೂಪುರೇಷೆಯಲ್ಲಿ ಅಥವಾ ದತ್ತಾಂಶದಲ್ಲಿ ಅವರ ದುಡಿಮೆ ಇರಬೇಕು, ಬರವಣಿಗೆಯಲ್ಲಿ ಕೈ ಇರಬೇಕು, ಕೊನೆಯ ಕರಡನ್ನು ಒಪ್ಪಿರಬೇಕು, ಪ್ರಶ್ನೆ ಬಂದರೆ ಉತ್ತರಿಸಲು ಸಿದ್ಧರಿರಬೇಕು. ವೈದ್ಯಕೀಯ ಪತ್ರಿಕೆಗಳ ಸಂಪಾದಕರು ಮಾಡಿಕೊಂಡ ಈ ನಾಲ್ಕು ಷರತ್ತುಗಳನ್ನು ಬೇರೆ ಕ್ಷೇತ್ರದವರೂ ಒಪ್ಪುತ್ತಾರೆ. ಕುರ್ಚಿಗಾಗಿ ಹೆಸರು ಹಾಕುವುದು ಇದರಲ್ಲಿ ಇಲ್ಲ. ಇಷ್ಟು ಬರೆಯುವುದು ನನಗೆ ಸುಲಭ, ನಿವೃತ್ತಳಾಗಿದ್ದೇನೆ. ನಿಮಗೆ ಸಹಿ ಬೇಕಾದವರ ಎದುರು ಹೇಳುವುದು ಕಷ್ಟ ಎಂದು ಬಲ್ಲೆ. ಕೆಲಸ ಶುರುವಾಗುವ ಮುನ್ನವೇ ಯಾರ ಹೆಸರು, ಯಾವ ಕ್ರಮದಲ್ಲಿ ಎಂದು ಒಂದು ಹಾಳೆಯಲ್ಲಿ ಬರೆದಿಟ್ಟರೆ ಅರ್ಧ ಜಗಳ ತಪ್ಪುತ್ತದೆ.

## ದತ್ತಾಂಶದ ಪ್ರಶ್ನೆಗಳು

"ನಾನು ಕನ್ನಡ ಎಂ.ಎ. ಮಾಡಿದವಳು. ನನ್ನ ಬಳಿ ಅಂಕಿಗಳೇ ಇಲ್ಲ, ಇನ್ನು ದತ್ತಾಂಶ ಎಲ್ಲಿಂದ ಬರಬೇಕು?"

ನಮ್ಮ ಜಿಲ್ಲೆಯಲ್ಲಿ ಕುಳಿತು ಈ ಪ್ರಶ್ನೆ ಕೇಳಬಾರದು. ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನ ಸಂಗ್ರಹದ ಕಡೂರು ಜಿಲ್ಲೆಯ ಸಂಪುಟವನ್ನು 1901ರಲ್ಲಿ, ಹಾಸನದ್ದನ್ನು 1902ರಲ್ಲಿ ಹೊರತಂದರು. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಆಗ ಕಡೂರು ಎಂದೇ ಹೆಸರು. ಅದರಲ್ಲಿ ಅವರು ಶಾಸನಗಳ ಬಗ್ಗೆ ತಮ್ಮ ಅಭಿಪ್ರಾಯವನ್ನಷ್ಟೇ ಬರೆದು ಕೈತೊಳೆದುಕೊಳ್ಳಲಿಲ್ಲ. ಮೂಲ ಪಾಠ ಕನ್ನಡ ಲಿಪಿಯಲ್ಲಿ, ಅದೇ ಪಾಠ ರೋಮನ್ ಲಿಪಿಯಲ್ಲಿ, ಅನುವಾದ ಬೇರೆಯಾಗಿ. ರೈಸರ ಓದು ತಪ್ಪು ಎನ್ನಲು ನಂತರದವರಿಗೆ ಬೇಕಾದ ಸಾಮಗ್ರಿಯನ್ನು ರೈಸರೇ ಕೊಟ್ಟು ಹೋದರು. ದತ್ತಾಂಶ ಹಂಚಿಕೆ ಎಂದರೆ ಇದೇ.

ತಾಲ್ಲೂಕಿನ ಹೆಸರು ಮತ್ತು ಸಂಖ್ಯೆ, ಬೇಲೂರು ಇಷ್ಟನೆಯದು, ಅರಸೀಕೆರೆ ಇಷ್ಟನೆಯದು, ಎಂದು ಅವರು ಕೊಟ್ಟ ಗುರುತನ್ನು ಇವತ್ತಿಗೂ ಉಲ್ಲೇಖಿಸುತ್ತೇವೆ. ಪರಿಷ್ಕೃತ ಆವೃತ್ತಿಯಲ್ಲಿ ಸಂಖ್ಯೆಗಳು ಬದಲಾದದ್ದರಿಂದ ಯಾವ ಆವೃತ್ತಿಯ ಸಂಖ್ಯೆ ಎಂದು ಬರೆಯದವರ ಪ್ರಬಂಧ ಓದುವವರಿಗೆ ಕಾಟ. ಪ್ರಬಂಧಕ್ಕೂ ದತ್ತಾಂಶದ ಫೈಲಿಗೂ ಕೊಡುವ ಡಿಒಐ ಎಂಬ ಶಾಶ್ವತ ಗುರುತು ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಗೊತ್ತಿಲ್ಲ.

ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನವನ್ನೇ ನೋಡಿ. ಎಂ.ಎಚ್. ಕೃಷ್ಣ ಅವರು ಮೈಸೂರು ಪುರಾತತ್ವ ಇಲಾಖೆಯ 1936ರ ವರದಿಯಲ್ಲಿ ಅದನ್ನು ಪ್ರಕಟಿಸಿದರು. ಸುಮಾರು ಕ್ರಿ.ಶ. 450ರದ್ದು ಎಂದು ಪಠ್ಯಪುಸ್ತಕ ಹೇಳುತ್ತದೆ, ಅಲ್ಲ ಇನ್ನೂ ಈಚಿನದು ಎನ್ನುವ ವಿದ್ವಾಂಸರಿದ್ದಾರೆ. ಪಾಠವೂ ಅಕ್ಷರದ ರೂಪವೂ ಎಲ್ಲರ ಎದುರಿಗೆ ಇರುವುದರಿಂದಲೇ ಆ ಜಗಳ ಸಾಧ್ಯವಾಗಿದೆ. ನಿಮ್ಮ ಬಳಿ ಇರುವ ಜನಪದ ಗೀತೆಯ ಧ್ವನಿಮುದ್ರಣ, ಊರಿನ ಹೆಸರುಗಳ ಪಟ್ಟಿ, ವೀರಗಲ್ಲಿನ ಫೋಟೋ ಎಲ್ಲವೂ ದತ್ತಾಂಶವೇ.

"ಹಂಚಿಬಿಟ್ಟರೆ ನನಗಿಂತ ಮೊದಲು ಇನ್ನೊಬ್ಬರು ಪೇಪರ್ ಬರೆದುಬಿಡುತ್ತಾರಲ್ಲ?"

ಭಯ ಸುಳ್ಳಲ್ಲ. ಅದಕ್ಕೇ ದತ್ತಾಂಶವನ್ನು ಅಂತರ್ಜಾಲದಲ್ಲಿ ಕಾಪಿಡುವ ಭಂಡಾರಗಳಲ್ಲಿ ಗಡುವು ಇಡುವ ವ್ಯವಸ್ಥೆ ಇದೆ: ಇಂದು ಒಪ್ಪಿಸಿ, ಒಂದು ವರ್ಷದ ನಂತರ ತೆರೆಯಲಿ ಎಂದು ಗುರುತು ಹಾಕಬಹುದು. ತಾರೀಖಿನೊಡನೆ ಡಿಒಐ ದೊರೆಯುವುದರಿಂದ ಮೊದಲು ಕಲೆಹಾಕಿದವರು ಯಾರು ಎಂಬುದಕ್ಕೆ ದಾಖಲೆಯೂ ಆಗುತ್ತದೆ. ಪೆನ್‌ಡ್ರೈವಿನಲ್ಲಿ ಬಚ್ಚಿಟ್ಟದ್ದಕ್ಕೆ ಆ ದಾಖಲೆ ಇಲ್ಲ. ನಾನು ಕಂಡಂತೆ ದತ್ತಾಂಶ ಕಳವಾದ ಪ್ರಸಂಗಗಳಿಗಿಂತ ಹಾರ್ಡ್ ಡಿಸ್ಕ್ ಕೆಟ್ಟು ಹೋದ ಪ್ರಸಂಗಗಳೇ ಹೆಚ್ಚು.

"ಎಕ್ಸೆಲ್ ಫೈಲ್ ಕಳುಹಿಸಿದ್ದೇನೆ. ಸಾಲದೇ?"

ಸಾಲದು. ಮಳೆ ಪುಸ್ತಕದ ಕಥೆ ಹೇಳುತ್ತೇನೆ.

ತೋಟದ ಲೆಕ್ಕ ಬರೆಯುವ ರೈಟರು ಬೆಳಗ್ಗೆ ಮಳೆ ಮಾಪಕದ ನೀರು ಅಳೆದು ಪುಸ್ತಕದಲ್ಲಿ ಬರೆಯುತ್ತಾರೆ, ಇಂಚು ಮತ್ತು ಸೆಂಟ್ಸ್ ಲೆಕ್ಕದಲ್ಲಿ. ಒಂದು ಇಂಚಿಗೆ ನೂರು ಸೆಂಟ್ಸ್, ಮಿಲಿಮೀಟರಿಗೆ ತಂದರೆ 25.4. ಮಾರ್ಚ್, ಏಪ್ರಿಲಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆಯ ಕಾಲದಲ್ಲಿ ಹತ್ತಿಪ್ಪತ್ತು ಸೆಂಟ್ಸಿನ ವ್ಯತ್ಯಾಸಕ್ಕೂ ಬೆಲೆ ಇರುವುದರಿಂದ ಈ ಪುಸ್ತಕಗಳನ್ನು ಜನ ಶ್ರದ್ಧೆಯಿಂದ ಬರೆದಿದ್ದಾರೆ. ಆದರೆ ಅದನ್ನು ಹಾಗೆಯೇ ಎಕ್ಸೆಲ್ಲಿಗೆ ಏರಿಸಿದಾಗ ನನಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಗಳು ಎದ್ದವು. ಸೋಮವಾರ ರಾತ್ರಿ ಸುರಿದ ಮಳೆಯನ್ನು ಮಂಗಳವಾರ ಬೆಳಗ್ಗೆ ಅಳೆದರೆ ಯಾವ ತಾರೀಖಿಗೆ ಬರೆಯಬೇಕು? ಹವಾಮಾನ ಇಲಾಖೆ ಬೆಳಗ್ಗೆ 8.30ಕ್ಕೆ ಮುಗಿಯುವ 24 ಗಂಟೆಯ ಮಳೆಯನ್ನು ಅಳೆದ ದಿನಕ್ಕೇ ಬರೆಯುತ್ತದೆ. ಒಂದು ತೋಟದ ರೈಟರು ಹಿಂದಿನ ದಿನಕ್ಕೆ ಬರೆಯುತ್ತಿದ್ದರು. ಅವರ ನಂತರ ಬಂದವರು ಇಲಾಖೆಯ ಹಾಗೆ ಬರೆದರು. ಒಂದೇ ಪುಸ್ತಕದ ನಡುವೆ ಮಳೆಗಾಲ ಒಂದು ದಿನ ಜರುಗಿತು.

ಇನ್ನು ಪುಸ್ತಕದಲ್ಲಿ ಏನೂ ಬರೆಯದೆ ಬಿಟ್ಟ ಖಾಲಿ ಮನೆ. ಮಳೆ ಬರಲಿಲ್ಲವೇ, ರೈಟರು ಮಗಳ ಮದುವೆಗೆ ಹೋಗಿದ್ದರೇ? ಮೊದಲನೆಯದು ಸೊನ್ನೆ, ಎರಡನೆಯದು ಮಾಹಿತಿ ಇಲ್ಲ. ಇವೆರಡನ್ನೂ ಒಂದೇ ಎಂದು ಎಣಿಸಿದವರು ಮಲೆನಾಡಿನಲ್ಲಿ ಬರ ಬಂದಿತ್ತು ಎಂದು ಪ್ರಬಂಧ ಬರೆದಾರು.

ಆದ್ದರಿಂದ ಫೈಲಿನ ಜೊತೆ ಒಂದು ವಿವರಣೆ ಇರಲೇಬೇಕು: ಪ್ರತಿ ಕಾಲಮಿನ ಅರ್ಥ, ಮಾಪನದ ಏಕಮಾನ, ಅಳೆದ ಹೊತ್ತು, ಖಾಲಿ ಮನೆಯ ಅರ್ಥ, ನೀವು ಏನನ್ನು ತಿದ್ದಿದ್ದೀರಿ ಎಂಬ ಲೆಕ್ಕ. ತಾರೀಖನ್ನು 2021-04-03 ಎಂದು ಬರೆಯಿರಿ. 03/04/2021 ಎಂಬುದು ನಮಗೆ ಏಪ್ರಿಲ್, ಅಮೆರಿಕದವರಿಗೆ ಮಾರ್ಚ್. ಎಕ್ಸೆಲ್ ತಾನೇ ಜಾಣನಾಗಲು ಹೊರಡುವುದನ್ನೂ ಗಮನಿಸಿ. "ಮಾರ್ಚ್1", "ಸೆಪ್ಟ್1" ಎಂಬ ಮಾನವ ವಂಶವಾಹಿಗಳ ಹೆಸರನ್ನು ಅದು ತಾರೀಖಾಗಿ ಬದಲಿಸುತ್ತಿದ್ದುದರಿಂದ 2020ರ ಹೊತ್ತಿಗೆ ವಿಜ್ಞಾನಿಗಳು ವಂಶವಾಹಿಗಳ ಹೆಸರನ್ನೇ ಬದಲಿಸಬೇಕಾಯಿತು.

ಕನ್ನಡಿಗರಿಗೆ ವಿಶೇಷವಾಗಿ ಒಂದು ಮಾತು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಫೈಲು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಯೂನಿಕೋಡಿಗೆ ಪರಿವರ್ತಿಸಿ, ನಂತರ ಒತ್ತಕ್ಷರ, ಅರ್ಕಾವೊತ್ತುಗಳನ್ನು ಕಣ್ಣಾರೆ ನೋಡಿ. ಸಿಎಸ್‌ವಿ ಆಗಿ ಉಳಿಸುವಾಗ ಯುಟಿಎಫ್-8 ಎಂದು ಆರಿಸದಿದ್ದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ.

"ಗೂಗಲ್ ಡ್ರೈವ್ ಲಿಂಕ್ ಕೊಟ್ಟರೆ ಆಗದೇ?"

ನಿಮ್ಮ ಖಾತೆ ಇರುವವರೆಗೆ ಆದೀತು. ಕಾಲೇಜು ಬಿಟ್ಟ ಮೇಲೆ ಕಾಲೇಜಿನ ಇಮೇಲ್ ಮುಚ್ಚುತ್ತದೆ, ಲಿಂಕ್ ಸಾಯುತ್ತದೆ. ಯುರೋಪಿನ ಸರ್ನ್ ಸಂಸ್ಥೆ 2013ರಿಂದ ನಡೆಸುತ್ತಿರುವ ಜೆನೋಡೋ ಭಂಡಾರ ಉಚಿತ, ಡಿಒಐ ಕೊಡುತ್ತದೆ, ತಿದ್ದಿದಾಗ ಹಳೆಯ ಆವೃತ್ತಿಯನ್ನೂ ಉಳಿಸಿಕೊಳ್ಳುತ್ತದೆ. ಪಿಎಚ್.ಡಿ. ಪ್ರಬಂಧ ಶೋಧಗಂಗಾ ಎಂಬ ಪ್ರಬಂಧಗಳ ಭಂಡಾರಕ್ಕೆ ಹೇಗೂ ಹೋಗುತ್ತದೆ. ಅಲ್ಲಿ ಸೇರುವುದು ಪ್ರಬಂಧ, ನಿಮ್ಮ ಕೋಷ್ಟಕದ ಮೂಲ ಫೈಲಲ್ಲ.

ಪರವಾನಗಿಯ ಸಾಲು ಮರೆಯಬೇಡಿ. ಕ್ರಿಯೇಟಿವ್ ಕಾಮನ್ಸ್‌ನ ಸಿಸಿ ಬೈ ಎಂದು ಹಾಕಿದರೆ ನಿಮ್ಮ ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದು, ವ್ಯಾಪಾರಕ್ಕೂ. ಏನೂ ಹಾಕದಿದ್ದರೆ ಪ್ರಾಮಾಣಿಕರು ಮುಟ್ಟಲು ಹೆದರುತ್ತಾರೆ, ಉಳಿದವರು ಹೇಗೂ ಮುಟ್ಟುತ್ತಾರೆ.

## ಗಟ್ಟಿ ಪ್ರಶ್ನೆಗಳು

"ಅಪ್ಪ ಪುಸ್ತಕ ಕೊಟ್ಟಿದ್ದು ನಿಮಗೆ ಓದಲಿಕ್ಕೆ. ಊರಿಗೆಲ್ಲ ತೋರಿಸಿ ಎಂದು ಹೇಳಿದ್ದರೇ?"

ಮೂಡಿಗೆರೆ ಕಡೆಯ ಒಬ್ಬ ಬೆಳೆಗಾರರ ಮಗ ನನ್ನನ್ನು ಹೀಗೆ ಕೇಳಿದರು. ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಆ ತೋಟದ ಹದಿನೆಂಟು ವರ್ಷದ ಮಳೆಯನ್ನು ನಾನು ಆಗಲೇ ಟೈಪ್ ಮಾಡಿ ಮುಗಿಸಿದ್ದೆ. ಅದನ್ನು ಪ್ರಕಟಿಸಲಿಲ್ಲ.

ಮಳೆಯಲ್ಲಿ ಗುಟ್ಟೇನಿದೆ ಎನ್ನಬಹುದು. ಅದೇ ಪುಸ್ತಕದ ಅಂಚಿನಲ್ಲಿ ಆಳುಗಳ ಸಂಬಳ, ಸಾಲ, ಕಾಫಿ ಮಾರಿದ ದರ, ಯಾರೋ ಕುಡಿದು ಬಂದದ್ದು ಎಲ್ಲವೂ ಇರುತ್ತದೆ. ಪುಟದ ಫೋಟೋ ಹಾಕಿದರೆ ಅದೂ ಹೋಯಿತು. ಈಗ ನಾನು ಮೂರು ಒಪ್ಪಿಗೆಗಳನ್ನು ಬೇರೆ ಬೇರೆಯಾಗಿ, ಕನ್ನಡದಲ್ಲಿ ಬರೆದು ಕೇಳುತ್ತೇನೆ: ಓದಲು, ಅಂಕಿಗಳನ್ನು ಪ್ರಕಟಿಸಲು, ಪುಟದ ಚಿತ್ರ ಪ್ರಕಟಿಸಲು. ಮೂರನೆಯದಕ್ಕೆ ಹೆಚ್ಚಿನವರು ಬೇಡ ಎನ್ನುತ್ತಾರೆ. ಹಿಂದೆ ಸರಿಯಲು ಎಷ್ಟು ಸಮಯವಿದೆ ಎಂಬುದನ್ನೂ ಬರೆಯುತ್ತೇನೆ, ಏಕೆಂದರೆ ಡಿಒಐ ಬಿದ್ದ ಮೇಲೆ ಹೊರಹೋದದ್ದನ್ನು ಪೂರ್ತಿ ಹಿಂದಕ್ಕೆ ತರಲಾಗದು.

ಅಂಕಿ ಬರೆದ ರೈಟರ ಹೆಸರು ದತ್ತಾಂಶದ ದಾಖಲೆಯಲ್ಲಿ ಇರಬೇಕು, ಅವರು ಅಥವಾ ಮನೆಯವರು ಒಪ್ಪಿದರೆ. ಸಂಗ್ರಹಿಸಿದವರು ಎಂಬ ಪಾತ್ರವನ್ನು ನಮೂದಿಸಲು ಭಂಡಾರಗಳಲ್ಲಿ ಜಾಗವಿದೆ. ಮೂವತ್ತು ವರ್ಷ ಮಳೆಯಲ್ಲಿ ನಿಂತು ಅಳೆದವರನ್ನು ಬಿಟ್ಟು ಆರು ತಿಂಗಳು ಟೈಪ್ ಮಾಡಿದವಳ ಹೆಸರೊಂದೇ ಇದ್ದರೆ ಚೆನ್ನಾಗಿರುವುದಿಲ್ಲ.

"ಹೆಸರು ತೆಗೆದರೆ ಸಾಕಲ್ಲವೇ?"

ಬೆಂಗಳೂರಿನಲ್ಲಿ ಸಾಕಾದೀತು. "ಸಕಲೇಶಪುರ ತಾಲ್ಲೂಕು, ಹೋಬಳಿ ಇಂಥದ್ದು, ಆನೆ ದಾಳಿಯಲ್ಲಿ ಗಂಡನನ್ನು ಕಳೆದುಕೊಂಡ 58 ವರ್ಷದ ಮಹಿಳೆ" ಎಂದು ಬರೆದರೆ ಬಸ್ ನಿಲ್ದಾಣದ ಟೀ ಅಂಗಡಿಯವರೂ ಯಾರು ಎಂದು ಹೇಳುತ್ತಾರೆ. ವಯಸ್ಸನ್ನು ಹತ್ತು ವರ್ಷದ ಗುಂಪಿಗೆ ಸೇರಿಸಿ, ಹೋಬಳಿ ಬಿಟ್ಟು ಜಿಲ್ಲೆ ಹೇಳಿ. ಆಗಲೂ ಗುರುತು ಸಿಗುವಂತಿದ್ದರೆ ಸಂದರ್ಶನದ ಪೂರ್ತಿ ಪಾಠ ಪ್ರಕಟಿಸಬೇಡಿ; ಕೇಳಿ ಬಂದವರಿಗೆ ಷರತ್ತಿನ ಮೇಲೆ ತೋರಿಸಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಸಂಶೋಧನೆಗೆ ವಿನಾಯಿತಿ ಇದೆ, ಆದರೆ ಅದಕ್ಕೂ ಷರತ್ತುಗಳಿವೆ: ಆ ಮಾಹಿತಿ ಬಳಸಿ ನಿರ್ದಿಷ್ಟ ವ್ಯಕ್ತಿಯ ಬಗ್ಗೆ ತೀರ್ಮಾನ ಕೈಗೊಳ್ಳುವಂತಿಲ್ಲ.

"ಕುದುರೆಮುಖದ ಕಡೆ ಅಪರೂಪದ ಆರ್ಕಿಡ್ ಸಿಕ್ಕಿತು. ಜಿಪಿಎಸ್ ಹಾಕಲೇ?"

ಪೂರ್ತಿ ಹಾಕಬೇಡಿ. ದಕ್ಷಿಣ ಚೀನಾದ ಒಂದು ಗುಹೆಹಲ್ಲಿಯನ್ನು 1999ರಲ್ಲಿ ಹೊಸ ಪ್ರಭೇದವೆಂದು ವರ್ಣಿಸಿದ ಮೇಲೆ, ಪ್ರಬಂಧದಲ್ಲಿದ್ದ ಜಾಗ ಹುಡುಕಿಕೊಂಡು ಸಾಕುಪ್ರಾಣಿ ವ್ಯಾಪಾರದವರು ಹೋಗಿ ಅಲ್ಲಿ ಅದನ್ನು ಇಲ್ಲವಾಗಿಸಿದರು. ಅಕ್ಷಾಂಶ, ರೇಖಾಂಶಗಳಲ್ಲಿ ದಶಾಂಶದ ನಂತರ ನಾಲ್ಕು ಅಂಕಿ ಕೊಟ್ಟರೆ ಸುಮಾರು 11 ಮೀಟರಿನೊಳಗೆ ಗಿಡ ಸಿಗುತ್ತದೆ. ಒಂದೇ ಅಂಕಿ ಕೊಟ್ಟರೆ ಸುಮಾರು 11 ಕಿಲೋಮೀಟರ್. ಗಿಡ ಎಲ್ಲೆಲ್ಲಿ ಬೆಳೆಯುತ್ತದೆ ಎಂಬ ನಕ್ಷೆಗೆ ಎರಡನೆಯದು ಬಹಳ ಸಲ ಸಾಕು. ನಿಖರ ಜಾಗವನ್ನು ಅಳಿಸದೆ ಬೇರೆಯಾಗಿ ಭದ್ರವಾಗಿಡಿ, ಒರಟು ಮಾಡಿದ್ದೇನೆ ಎಂದು ವಿವರಣೆಯಲ್ಲಿ ಬರೆಯಿರಿ.

ಆನೆಯ ವಿಷಯ ತುಸು ಬೇರೆ. ಆಲೂರು, ಸಕಲೇಶಪುರದಲ್ಲಿ ಹಿಂಡು ಎಲ್ಲಿದೆ ಎಂಬುದು ಆಳುಗಳು ತೋಟಕ್ಕೆ ಹೊರಡುವ ಮುನ್ನ ತಿಳಿಯಬೇಕು. ಅದನ್ನು ಮುಚ್ಚಿಟ್ಟರೆ ಜೀವ ಹೋಗುತ್ತದೆ. ಆದರೆ ಒಂದು ಆನೆ ವರ್ಷವಿಡೀ ಯಾವ ಹೊತ್ತಿಗೆ ಎಲ್ಲಿ ದಾಟುತ್ತದೆ ಎಂಬ ನಿಖರ ದಾಖಲೆ ಬೇಟೆಗಾರನಿಗೆ ವೇಳಾಪಟ್ಟಿ. ಇಂದಿನ ಎಚ್ಚರಿಕೆ ಎಲ್ಲರಿಗೆ, ವರ್ಷದ ಜಾಡು ಕೆಲವರಿಗೆ ಎಂದು ನಾನು ವಿಂಗಡಿಸುತ್ತೇನೆ. ಎಲ್ಲವನ್ನೂ ತೆರೆದಿಡಬೇಕು ಎನ್ನುವ ಗೆಳೆಯರೊಡನೆ ಈ ವಿಷಯದಲ್ಲಿ ನನಗೆ ಜಗಳವಿದೆ.

"ಪ್ರಕಟವಾದ ಮೇಲೆ ನನ್ನದೇ ತಪ್ಪು ಸಿಕ್ಕಿತು. ಸುಮ್ಮನಿದ್ದರೆ ಆಗದೇ?"

ಸಣ್ಣ ತಪ್ಪಿಗೆ ಪತ್ರಿಕೆಯವರು ತಿದ್ದುಪಡಿ ಹಾಕುತ್ತಾರೆ. ತೀರ್ಮಾನವೇ ಬಿದ್ದುಹೋದರೆ ಪ್ರಬಂಧ ಹಿಂಪಡೆಯಬೇಕು. ಹಿಂಪಡೆದವರೆಲ್ಲ ಕಳ್ಳರಲ್ಲ; ತಾವಾಗಿ ಬರೆದು ತಿಳಿಸಿದವರನ್ನು ನಾನು ಹೆಚ್ಚು ನಂಬುತ್ತೇನೆ.

ನನ್ನದನ್ನೂ ಹೇಳಿಬಿಡುತ್ತೇನೆ. ಒಂದು ಪುಸ್ತಕದಲ್ಲಿ "1.5" ಎಂದು ಇದ್ದುದನ್ನು ಒಂದೂವರೆ ಇಂಚು ಎಂದು ಓದಿ 38.1 ಮಿಲಿಮೀಟರ್ ಎಂದು ಹಾಕಿದ್ದೆ. ಫೈಲ್ ಪ್ರಕಟವಾಗಿ ಎಂಟು ತಿಂಗಳಿಗೆ ಆ ತೋಟದ ಮನೆಯ ಹುಡುಗಿಯೊಬ್ಬಳ ಪತ್ರ ಬಂತು: "ಅದು ಒಂದೂವರೆಯಲ್ಲ ಮೇಡಂ, ಒಂದು ಇಂಚು ಐದು ಸೆಂಟ್ಸ್. ನಮ್ಮ ತಾತ ಐವತ್ತು ಸೆಂಟ್ಸ್ ಇದ್ದರೆ 1.50 ಎಂದು ಸೊನ್ನೆ ಸಮೇತ ಬರೆಯುತ್ತಿದ್ದರು." ಅಂದರೆ 26.67 ಮಿಲಿಮೀಟರ್. ಇಂಚಿನ ಮೇಲಿನ ಸೆಂಟ್ಸ್ ಹತ್ತಕ್ಕಿಂತ ಕಡಿಮೆ ಇದ್ದ ಪ್ರತಿ ದಿನವೂ ನನ್ನ ಲೆಕ್ಕದಲ್ಲಿ ಆ ಸೆಂಟ್ಸ್ ಭಾಗ ಹತ್ತು ಪಟ್ಟು ಉಬ್ಬಿತ್ತು. ಪುಸ್ತಕ ಮತ್ತೆ ತೆರೆದು ನೋಡಿದರೆ ಆ ಹುಡುಗಿ ಹೇಳಿದಂತೆಯೇ ಇತ್ತು. ಎರಡನೆಯ ಆವೃತ್ತಿ ಏರಿಸಿದೆ, ಬದಲಾವಣೆಯ ಪಟ್ಟಿಯಲ್ಲಿ ಅವಳ ಒಪ್ಪಿಗೆ ಪಡೆದು ಹೆಸರು ಬರೆದೆ, ಮೊದಲ ಆವೃತ್ತಿ ಬಳಸಿದ್ದ ಇಬ್ಬರಿಗೆ ಪತ್ರ ಹಾಕಿದೆ. ಆ ತೋಟದ ಇನ್ನೂ ಹಳೆಯ ಎರಡು ಪುಸ್ತಕಗಳು ಅವರ ಮನೆಯ ಅಟ್ಟದಲ್ಲಿದ್ದವು. ಈಗ ಶನಿವಾರಗಳಂದು ಅವಳು ಓದಿ ಹೇಳುತ್ತಾಳೆ, ನಾನು ಟೈಪ್ ಮಾಡುತ್ತೇನೆ.